ಪ್ರಾಕ್ಟೀಸಿನ ದಿನ ಹೇಳಿದ ಮಾತು

ನಮ್ಮ ಶಾಲೆಗಳ ಮೇಷ್ಟ್ರು, ಟೀಚರುಗಳಿಗೆ ಪ್ರಾಕ್ಟೀಸಿನ ಹುಚ್ಚು. ವಾರ್ಷಿಕೋತ್ಸವದ ಸ್ವಾಗತಗೀತೆಗೂ ವಾರಗಟ್ಟಲೆ ತಾಲೀಮು ಮಾಡಿಸುವವರು ಅವರು. ಊರಿನ ಚರಿತ್ರೆಯ ಮೇಲೆ ಮಕ್ಕಳಿಂದ ಸಾಕ್ಷ್ಯಚಿತ್ರ ಮಾಡಿಸುವುದು ಹೇಗೆಂದು ಅವರಿಗೆ ಹೇಳಿಕೊಡುವುದು ನನ್ನ ಕೆಲಸ. ಹಿರಿಯರು ಬಾಯಿಬಿಟ್ಟ ಗಳಿಗೆಯಿಂದಲೇ ಮೊಬೈಲಿನಲ್ಲಿ ರೆಕಾರ್ಡಿಂಗ್ ಓಡುತ್ತಿರಲಿ ಎಂದು ಎಲ್ಲ ಕಡೆ ಬಡಕೊಳ್ಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ.

ಬೊಮ್ಮಸಂದ್ರದ ಶಾಲೆಯೊಂದರ ಸಮಾಜ ವಿಜ್ಞಾನದ ಟೀಚರ್ ಕೂಡ ತಲೆಯಾಡಿಸಿದ್ದರು. ಔಷಧದ ಕಾರ್ಖಾನೆ ಬರುವ ಮುಂಚೆ ಆ ಜಾಗ ಹೇಗಿತ್ತು ಎನ್ನುವುದು ಅವರ ಮಕ್ಕಳು ಆರಿಸಿಕೊಂಡ ವಿಷಯ. ಅಲ್ಲಿ ಹೊಲವಿದ್ದ ಅಜ್ಜಿಯೊಬ್ಬರು ಮಾತಾಡಲು ಒಪ್ಪಿದರು. ಟೀಚರ್ ಹಿಂದಿನ ದಿನವೇ ಒಬ್ಬರೇ ಹೋಗಿ ಅಜ್ಜಿಗೆ ಪ್ರಾಕ್ಟೀಸ್ ಮಾಡಿಸಿಬಿಟ್ಟರು, ಮೊಬೈಲನ್ನು ಬ್ಯಾಗಿನಲ್ಲಿಟ್ಟು!

ಸಂಜೆ ನನಗೆ ಫೋನ್. ಸಂಭ್ರಮವೋ ಸಂಭ್ರಮ. "ಮೇಡಂ, ಅಜ್ಜಿ ಅತ್ತೇ ಬಿಟ್ರು. ಮೊದಲ್ನೇದು ಹೆಣ್ಣು ಮಗುವಂತೆ, ಹಸುಗೂಸಾಗಿದ್ದಾಗ್ಲೇ ಹೋಯ್ತಂತೆ. ಹೊಲದ ಮೂಲೇಲಿ ಮಣ್ಣು ಮಾಡಿದ್ರಂತೆ. ಈಗ್ಲೂ ಮಹಾಲಯ ಅಮಾವಾಸ್ಯೆಗೆ ಫ್ಯಾಕ್ಟರಿ ಕಾಂಪೌಂಡ್ ಹೊರಗೆ ಬೆಲ್ಲ, ಹುರಿಗಡಲೆ ಇಟ್ಟು ಬರ್ತಾರಂತೆ. ಮನೇಲಿ ಯಾರಿಗೂ ಗೊತ್ತಿಲ್ಲ. ನಾಳೆ ಇದನ್ನೇ ಹೇಳಿಸ್ತೀನಿ."

ಮರುದಿನ ನಾನೂ ಹೋದೆ. ಅಜ್ಜಿ ರೇಷ್ಮೆ ಸೀರೆಯುಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಈಗ ಬಾಡಿಗೆ ಮನೆಗಳ ಮಾಲೀಕರಾಗಿರುವ ಇಬ್ಬರು ಗಂಡುಮಕ್ಕಳು ಹಿಂದೆ ನಿಂತಿದ್ದರು. ವಿದ್ಯಾರ್ಥಿನಿ ಕೇಳಿದ್ದಕ್ಕೆ ಅಜ್ಜಿ, "ರಾಗಿ ಬೆಳೀತಿದ್ವಿ. ಈಗ ಎಲ್ಲಾ ಚೆನ್ನಾಗೈತೆ" ಎಂದರು, ಅಷ್ಟೇ. ಟೀಚರ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ನಿನ್ನೆ ಹೇಳಿದ್ರಲ್ಲ ಅಜ್ಜಿ, ಅದು" ಎಂದು ಪಿಸುಗುಟ್ಟಿದರು.

ಅಜ್ಜಿಯೂ ದನಿ ತಗ್ಗಿಸಿದರು. "ನಿನ್ನೆ ಯೋಳಾಯ್ತಲ್ಲವ್ವ. ಅತ್ತಿದ್ದನ್ನೇ ಇನ್ನೊಂದ್ಸಲ ಅಳಕ್ಕಾಯ್ತದಾ?"

ಇನ್ನೊಂದು ದಿನ ಹೋದರಾಯಿತು ಎಂದುಕೊಂಡೆವು. ಪರೀಕ್ಷೆ, ರಜೆ ಎಂದು ದಿನ ಕಳೆದವು. ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಶಾಲೆಯಲ್ಲಿ ಚಿತ್ರ ತೋರಿಸಿದಾಗ, ಎಲ್ಲಾ ಚೆನ್ನಾಗೈತೆ ಎನ್ನುವ ಆ ರೇಷ್ಮೆ ಸೀರೆಯ ಅಜ್ಜಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಟೀಚರ್ ನನ್ನನ್ನೂ ಕರೆದರು. ಅವರ ಕೈಯಲ್ಲಿ ಬೆಲ್ಲ, ಹುರಿಗಡಲೆಯ ಪೊಟ್ಟಣವಿತ್ತು. ಶಿಫ್ಟ್ ಮುಗಿಸಿ ಬರುವವರ ಬೈಕುಗಳ ನಡುವೆ ಕಾರ್ಖಾನೆಯ ಗೋಡೆ ಹಿಡಿದು ನಡೆದೆವು. ಗೋಡೆ ಮುಗಿಯುವುದೇ ಇಲ್ಲ, ತಿರುವಿಗೊಂದು ಮೂಲೆ. ಅವತ್ತು ಮೊಬೈಲ್ ಬ್ಯಾಗಿನಲ್ಲಿಟ್ಟಿದ್ದಕ್ಕೆ ಟೀಚರಿಗೆ ಬೈಯಬೇಕೆಂದು ಮಾತು ಬಾಯಿತನಕ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

"ಯಾವ ಮೂಲೆ ಅಂತ ನಾನು ಕೇಳ್ಲೇ ಇಲ್ಲ ಮೇಡಂ" ಎಂದರು. "ನಾಳೆ ಹೇಗೂ ಕ್ಯಾಮೆರಾ ಮುಂದೆ ಹೇಳ್ತಾರಲ್ಲ ಅಂದ್ಕೊಂಡೆ."