ಡ್ರೈವ್‌ವೇಗೆ ಹೊಸ ಜಲ್ಲಿ

ನಾನು ಓದಿದ ಕಾನ್ವೆಂಟಿನಲ್ಲಿ ಮದರ್ ಸುಪೀರಿಯರ್ ಬರುವುದು ಜಲ್ಲಿಯ ಕರಕರ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಆ ಎಲಿಗೆನ್ಸ್ ನನಗೂ ಬೇಕೆನಿಸಿ, ಕೊಳ್ಳೇಗಾಲದ ನನ್ನ ಮನೆಗೆ ಗೇಟಿನಿಂದ ಮೆಟ್ಟಿಲವರೆಗೆ ಹೊಸ ಜಲ್ಲಿ ಹಾಕಿಸಿದೆ. ಕಾರು ಮಾರಿ ವರ್ಷಗಳಾದವು. ಆದರೂ ಅದು ಡ್ರೈವ್‌ವೇ.

ಮರುದಿನ ಪಕ್ಕದ ನೇಕಾರರ ಮನೆಯಾಕೆ ಗೇಟಿನಲ್ಲೇ ನಿಂತಳು. ಅವರು ಮಗ್ಗಕ್ಕೇರಿಸುವ ಮುನ್ನ ರೇಷ್ಮೆ ನೂಲಿನ ಹಾಸನ್ನು ಉದ್ದಕ್ಕೆ ಎಳೆದು ಕಟ್ಟಿ, ಬರಿಗಾಲಲ್ಲಿ ಓಡಾಡುತ್ತ ಕಿತ್ತ ಎಳೆ ಕೂಡಿಸುತ್ತಿದ್ದದ್ದು ಜಲ್ಲಿ ಬೀಳುವ ಮೊದಲು ಇದೇ ಜಾಗದಲ್ಲಿ. ಊರಿನ ನ್ಯೂಸೆಲ್ಲ ನನಗೆ ಸಿಗುತ್ತಿದ್ದದ್ದೂ ಆಗಲೇ.

"ಏನ್ ಅಮ್ಮಾವ್ರೆ, ಕೊಂಡ ಆಯಕ್ಕೆ ಕೆಂಡ ಒಂದ್ ಬಾಕಿನಾ?"

"ಚಪ್ಪಲಿ ಹಾಕ್ಕೊಂಡು ನಡಿಯಮ್ಮ, ಸಿಂಪಲ್."

"ರೇಷ್ಮೆ ತಾವ ಚಪ್ಲಿನಾ? ಬುಡಿ ಬುಡಿ!" ಎಂದವಳೇ ಹಾಸನ್ನು ಹಿಂದಿನ ಬೀದಿಗೆ ಒಯ್ದಳು.

ವಾರವಿಡೀ ವರಾಂಡದಲ್ಲಿ ಕೂತು ಕರಕರ ಸದ್ದಿಗೆ ಕಾದೆ. ಬಂದದ್ದು ಒಂದು ಬೆಕ್ಕು, ಅದೂ ಕಾಂಪೌಂಡ್ ಗೋಡೆಯ ಮೇಲೆ.

ಎಂಟನೇ ದಿನ ನಾನೇ ಗುದ್ದಲಿ ಹಿಡಿದು, ಇಬ್ಬರು ನಡೆಯುವಷ್ಟು ಅಗಲಕ್ಕೆ ಜಲ್ಲಿಯನ್ನು ಪಕ್ಕಕ್ಕೆಳೆಯತೊಡಗಿದೆ. ಗೋಡೆಯಾಚೆಯಿಂದ ಅವಳು ಇಣುಕಿದಳು.

"ಡ್ರೈನೇಜ್‌ಗೆ," ಎಂದೆ.

"ಊಂ ಅಮ್ಮಾವ್ರೆ, ಡ್ರೈನೇಜ್‌ಗೇಯ," ಎಂದು ಅವಳು ಹಾಸು ಕಟ್ಟುವ ಗೂಟ ತರಲು ಹೋದಳು.