ಬೆಳೆಯುವ ಲಾರಿಗೆ ದೊಡ್ಡ ಟಯರು

ಮೈಗೆ ಸರಿಹೊಂದುವ ಅಂಗಿಯನ್ನು ನಾನು ಇಪ್ಪತ್ಮೂರು ತುಂಬುವವರೆಗೂ ತೊಟ್ಟಿರಲಿಲ್ಲ. ಇದು ದೂರಲ್ಲ, ಲೆಕ್ಕ. ವರ್ಷದ ಕೊನೆಯ ದಿನ, ನೋಡಿದ ಸಿನಿಮಾ ಎಷ್ಟು, ತಪ್ಪಿದ ಲೋಕಲ್ ರೈಲು ಎಷ್ಟು, ಕಳೆದುಕೊಂಡ ಕೊಡೆ ಎಷ್ಟು ಎಂದು ದಿನಚರಿಯಲ್ಲಿ ಬರೆದಿಡುವುದು ನನ್ನ ಪದ್ಧತಿ. ಅದರಲ್ಲಿ ‘ಸರಿಹೊಂದಿದ ಅಂಗಿ’ ಎಂಬ ಸಾಲೂ ಇದೆ. ಅದರೆದುರು ಅಲ್ಲಿಯವರೆಗೂ ಸೊನ್ನೆ. ಕೊಡೆಯ ಸಾಲಿನಲ್ಲಾದರೂ ವರ್ಷದಿಂದ ವರ್ಷಕ್ಕೆ ಪ್ರಗತಿ ಕಾಣುತ್ತದೆ.

ಇದಕ್ಕೆ ಕಾರಣ ನಮ್ಮ ಶಿವಪ್ಪ ಮಾವ, ನನ್ನ ತಾಯಿಯ ತಮ್ಮ. ವಿಜಾಪುರದ ಕಡೆಯಿಂದ ಮುಂಬಯಿಗೆ ಕಲ್ಲು ಒಡೆಯಲು ಬಂದು, ಲಾರಿ ಕ್ಲೀನರಾಗಿ, ಡ್ರೈವರಾಗಿ, ಕೊನೆಗೊಂದು ಹಳೆಯ ಲಾರಿಯ ಮಾಲೀಕರಾದವರು. ವಡಾಲದ ಚಾಳಿನಲ್ಲಿ ಅವರದು ಒಂದೂವರೆ ಖೋಲಿಯ ಮನೆ. ಆ ಅರ್ಧ ಖೋಲಿ ನನ್ನದು. ಯಾವುದನ್ನೂ ಅಳತೆಗೆ ತಕ್ಕಂತೆ ಕೊಳ್ಳಬಾರದು, ಕೊಂಡರೆ ಮುಂದೆ ಬೆಳೆದಾಗ ಏನು ಮಾಡುವುದು ಎಂಬುದು ಮಾವನ ಜೀವನ ಸಿದ್ಧಾಂತ. ದಾದರಿನ ಅಂಗಡಿಯಲ್ಲಿ ನನಗೆ ಅಂಗಿ ತೊಡಿಸಿ, ಕಾಲರಿಗೂ ಕುತ್ತಿಗೆಗೂ ನಡುವೆ ತಮ್ಮ ಮುಷ್ಟಿ ತೂರಿಸಿ ನೋಡುತ್ತಿದ್ದರು. ಕಲ್ಲು ಒಡೆದ ಮುಷ್ಟಿ ಅದು. ಒಳಗೆ ಹೋದರೆ ಅಂಗಿ ಪಾಸು, ಹೋಗದಿದ್ದರೆ ‘ಇದರಪ್ಪನ್ನ ತೋರಸ್ರಿ’ ಎಂದು ಅಂಗಡಿಯವನಿಗೆ ಹೇಳುವರು. ನನಗೆ ಮೋಟಾರು ಬಿಡಿಭಾಗಗಳ ಅಂಗಡಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕ ಮೇಲೂ ಈ ಪರೀಕ್ಷೆ ನಿಲ್ಲಲಿಲ್ಲ. ‘ಬೆಳಿಯೂ ಹುಡುಗ’ ಎಂದು ಅಂಗಡಿಯವನಿಗೆ ಅವರು ಪರಿಚಯಿಸುವಾಗ ಆ ಹುಡುಗನಿಗೆ ಮೀಸೆ ಬಂದು ಬಹಳ ಕಾಲವಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಅಂಗಿಗಳ ಬಗ್ಗೆಯೇ ಬರೆಯುತ್ತಿದ್ದೆ. ಆದರೆ ಮಾವ ಅದೇ ಸಿದ್ಧಾಂತವನ್ನು ಲಾರಿಗೂ ಹಚ್ಚಿದರು.

ಲಾರಿಯ ಕೆಲಸ ಬೊರಿವಲಿಯ ಆಚೆಯ ಕಲ್ಲುಗಣಿಯಲ್ಲಿ, ಅಲ್ಲಿಯವರ ಬಾಯಲ್ಲಿ ಖಾಣಿ. ಖಾಣಿಯಿಂದ ರಸ್ತೆಗೆ ಬರಲು ಒಂದು ಏರು, ಆ ಏರಿಗೆ ಮಳೆಗಾಲದುದ್ದಕ್ಕೂ ಜೇಡಿಮಣ್ಣಿನ ಕೆಸರು. ಆ ವರ್ಷ ಮಾವನ ಲಾರಿ ಅಲ್ಲಿ ಸಿಕ್ಕಿಬಿದ್ದು, ಗಾಲಿ ಗರಗರ ತಿರುಗಿ, ಹಿಂದೆ ನಿಂತವರಿಗೆಲ್ಲ ಅಭಿಷೇಕ ಮಾಡುವುದು ನಿತ್ಯದ ಮಾತಾಯಿತು. ಖಾಣಿಯ ಮೇಲ್ವಿಚಾರಕ, ಮುಕಾದಮ ಶಿಂಧೆ ರೋಸಿಹೋಗಿ ಒಂದು ಷರತ್ತು ಹಾಕಿದ: ಖಂಡೇಪೂಜೆಯ ದಿನ, ಎಂದರೆ ಆಯುಧಪೂಜೆಯಂದು, ಎಲ್ಲ ಲಾರಿಗಳೂ ತುಂಬಿದ ಹೇರಿನೊಂದಿಗೆ ಏರು ಹತ್ತಿ ತೋರಿಸಬೇಕು, ಹತ್ತಿದ್ದು ಖಾಣಿಯಲ್ಲಿ ಉಳಿಯುತ್ತದೆ, ಹತ್ತದ ಲಾರಿಗೆ ಕೆಲಸವಿಲ್ಲ. ಕೆಲಸವಿಲ್ಲವೆಂದರೆ ಮಾವ ಲಾರಿ ಮಾರಿ ಮತ್ತೆ ಇನ್ನೊಬ್ಬರ ಲಾರಿಯ ಸ್ಟಿಯರಿಂಗ್ ಹಿಡಿಯಬೇಕು. ಈ ಮಾತು ಬಂದ ದಿನ ಅವರು ಊಟದಲ್ಲಿ ಎರಡನೆಯ ರೊಟ್ಟಿ ಕೇಳಲಿಲ್ಲ. ನಮ್ಮ ಮನೆಯಲ್ಲಿ ಅದು ಶೋಕಾಚರಣೆಗೆ ಸಮಾನ.

ಮರುವಾರವೇ ಕುರ್ಲಾದ ಗುಜರಿಯಿಂದ ಟಯರುಗಳು ಬಂದವು. ಮಿಲಿಟರಿಯವರು ಹರಾಜಿಗೆ ಬಿಟ್ಟ ಯಾವುದೋ ದೈತ್ಯ ವಾಹನದವು. ಒಂದೊಂದು ಹಲ್ಲಿನ ಸಂದಿಯಲ್ಲೂ ಒಂದೊಂದು ಇಡ್ಲಿ ಕೂರಿಸಬಹುದಿತ್ತು. ಟಯರು ಜೋಡಿಸಿದ ಮೇಲೆ ಮಾವ ಏನು ಮಾಡಿದರೆಂದು ನೀವು ಊಹಿಸಿರುತ್ತೀರಿ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಮುಷ್ಟಿ ತೂರಿಸಿದರು. ಹೋಯಿತು. ಲಾರಿ ಪಾಸಾಯಿತು.

ಬಿಡಿಭಾಗಗಳ ಕ್ಯಾಟಲಾಗು ಟೈಪು ಮಾಡಿ ಮಾಡಿ ನನಗೆ ಇಷ್ಟು ತಿಳಿದಿತ್ತು: ಗಾಲಿ ದೊಡ್ಡದಾದಷ್ಟೂ ಅದನ್ನು ತಿರುಗಿಸುವ ಎಕ್ಸೆಲ್, ಎಂದರೆ ಗಾಲಿಯ ಅಚ್ಚು, ಹೆಚ್ಚು ತಿಣುಕಬೇಕು, ಸಣ್ಣ ಗಾಲಿಗೆಂದು ಮಾಡಿದ ಎಕ್ಸೆಲ್ ಅದನ್ನು ತಾಳದು. ಇದನ್ನು ಹೇಳಲು ನಾನು ಆರಿಸಿಕೊಂಡ ಹೊತ್ತು ಬೆಳಗಿನ ನಳದ ಸಾಲು. ತುಂಬಿದ ಬಕೆಟ್ಟನ್ನು ಮೈಗೆ ಒತ್ತಿ ಹಿಡಿದು ತೋರಿಸಿದೆ: ಹಗುರ. ಅದನ್ನೇ ಕೈ ಚಾಚಿ ಹಿಡಿದೆ: ಭುಜ ನಡುಗಿತು. “ನೋಡ್ರಿ ಮಾವ, ನೀರು ಅಷ್ಟ ಐತಿ. ದೂರ ಆದ್ಕೂಡ್ಲೆ ಭುಜಕ್ಕ ಭಾರ ಆತು. ಭುಜ ಅಂದ್ರ ಎಕ್ಸೆಲ್.”

ಮಾವ ಗಂಭೀರವಾಗಿ ನನ್ನ ತೋಳನ್ನು ನೋಡಿದರು. ನನ್ನ ಅಂಗಿಯ ತೋಳಿನಲ್ಲಿ ಇನ್ನೊಂದು ತೋಳಿಗೆ ಜಾಗವಿತ್ತು.

“ಹಂಗಾದ್ರ ಎಕ್ಸೆಲ್‌ದ ತಪ್ಪಲ್ಲೋ ತಮ್ಮಾ, ನೀ ಸರಿಯಾಗಿ ಉಣ್ಣೂದಿಲ್ಲ. ನನ್ನ ಲಾರಿ ಉಣ್ತೈತಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಬಕೆಟ್ಟನ್ನು ಕೆಳಗಿಡುವಾಗ ಕಾಲಿನ ಮೇಲೆ ಇಟ್ಟುಕೊಂಡೆ. ಸತ್ಯವನ್ನು ಸೋಲಿಸಬೇಕಾದರೆ ಅದನ್ನು ನನ್ನಂಥವನ ಬಾಯಲ್ಲಿ ಹೇಳಿಸಿದರೆ ಸಾಕು.

ಮಾವನನ್ನು ಮಾತ್ರ ಬೈದು ಫಲವೇನು? ಅಚ್ಚನ್ನು ಮರೆಯುವುದು ಮನುಷ್ಯಕುಲದ ಹಳೆಯ ಚಾಳಿ. ಪುರಾಣ ಹೇಳುವವರು ರಥ ಬಂತೆಂದರೆ ಧ್ವಜದ ಬಣ್ಣ ಹೇಳುತ್ತಾರೆ, ಕುದುರೆಗಳ ಬಣ್ಣ ಹೇಳುತ್ತಾರೆ, ಗಂಟೆಗಳ ನಾದಕ್ಕೆ ಕಾಲು ಗಂಟೆ ತೆಗೆದುಕೊಳ್ಳುತ್ತಾರೆ. ಇಷ್ಟೆಲ್ಲವನ್ನೂ ಹೊತ್ತ ಅಚ್ಚಿನ ಸುದ್ದಿ ಬರುವುದು ಅದು ಮುರಿದಾಗಲೇ. ಮನೆಗಳಲ್ಲೂ ಹಾಗೆಯೇ. ನಮ್ಮ ಗಂಗವ್ವ ಅತ್ತಿ, ಎಂದರೆ ಮಾವನ ಹೆಂಡತಿ, ಈ ಸಂಸಾರದಲ್ಲಿ ಇದ್ದಾರೆಂದು ನಮಗಿಬ್ಬರಿಗೂ ಖಚಿತವಾಗುವುದು ಅವರು ಜ್ವರ ಬಂದು ಮಲಗಿ, ಬೆಳಿಗ್ಗೆ ಸ್ಟವ್ ಹೊತ್ತದೆ ಉಳಿದಾಗ.

ಖಂಡೇಪೂಜೆಯ ಬೆಳಿಗ್ಗೆ ಅತ್ತಿ ಮತ್ತು ನಾನು ಹೂವು, ಕುಂಕುಮ, ತೆಂಗಿನಕಾಯಿ, ನಾಲ್ಕು ಲಿಂಬೆಹಣ್ಣು ಹಿಡಿದು ದಾದರಿನಿಂದ ಲೋಕಲ್ ಹತ್ತಿ ಬೊರಿವಲಿಗೆ ಹೋದೆವು. ಖಾಣಿಯ ಏರಿನ ಬುಡದಲ್ಲಿ ಕಲ್ಲು ಹೇರಿಕೊಂಡು ನಮ್ಮ ಲಾರಿ ನಿಂತಿತ್ತು. ನಿಜ ಹೇಳಬೇಕೆಂದರೆ ನೋಡಲು ಭವ್ಯವಾಗಿತ್ತು. ಎಷ್ಟು ಎತ್ತರವಾಗಿತ್ತೆಂದರೆ ಮಾವನಿಗೆ ಮೆಟ್ಟಿಲು ಎಟುಕದೆ, ಅತ್ತಿ ಒಂದು ಕಲ್ಲು ತಂದಿಟ್ಟ ಮೇಲೆ ಕ್ಯಾಬಿನ್ ಹತ್ತಿದರು. ಹಿಂದೆ ಇನ್ನೂ ಎರಡು ಲಾರಿಗಳು ಸರದಿಗೆ ಕಾದಿದ್ದವು. ಅತ್ತಿ ಆರತಿ ಎತ್ತಿ, ಕಾಯಿ ಒಡೆದು, ಗಾಲಿಗಳ ಮುಂದೆ ಲಿಂಬೆಹಣ್ಣು ಇಟ್ಟರು. ಶಿಂಧೆ ತಂಬಾಕು ತಿಕ್ಕುತ್ತ ನಿಂತಿದ್ದ. ಹಿಂದಿನ ಗಾಲಿಗಳು ಒಂದು ಹೊಂಡದಲ್ಲಿದ್ದವು. ಮಾವ ಗೇರು ಹಾಕಿ, ಎಂಜಿನ್ ಗರ್ಜಿಸುವಂತೆ ಮಾಡಿ, ಕ್ಲಚ್ಚಿನಿಂದ ಕಾಲು ತೆಗೆದರು.

ಖಟ್.

ಲಾರಿ ಗೇರಿನಲ್ಲಿತ್ತು, ಎಂಜಿನ್ ಹುಯ್ಲಿಡುತ್ತಿತ್ತು, ಗಾಲಿಗಳು ಮಾತ್ರ ಧ್ಯಾನಕ್ಕೆ ಕುಳಿತಂತೆ ನಿಶ್ಚಲವಾಗಿದ್ದವು. ಎಕ್ಸೆಲ್ ಎರಡಾಗಿತ್ತು. ನಾಲ್ಕು ಲಿಂಬೆಹಣ್ಣುಗಳೂ ಇಟ್ಟಲ್ಲೇ, ದುಂಡಗೆ, ಹಳದಿಯಾಗಿ, ಸಿಪ್ಪೆಗೆ ಒಂದು ಗೀರೂ ಇಲ್ಲದೆ ಕುಳಿತಿದ್ದವು.

ಶಿಂಧೆ ತಂಬಾಕನ್ನು ಬಾಯಿಗೆ ಹಾಕಿಕೊಂಡ. “ಕಾಯ್ ರೇ ಶಿವಪ್ಪಾ, ನಿಂಬು ಜೀತ್ ಗಯಾ!” ಲಿಂಬೆಹಣ್ಣೇ ಗೆದ್ದಿತಲ್ಲ ಎಂದು ಅವನ ತೀರ್ಪು.

ಮಾವ ಲಾರಿಯ ಕೆಳಗೆ ತೂರಿದವರು ಹೊರಗೆ ಬರಲೇ ಇಲ್ಲ. ನಾನು ಬಗ್ಗಿ ನೋಡಿದೆ. ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಟಯರಿನ ಹಲ್ಲುಗಳನ್ನು ಸವರುತ್ತಿದ್ದರು. ನಾನು ಬಕೆಟ್ಟಿನ ವಿಷಯ ಎತ್ತಲಿಲ್ಲ. ಅದನ್ನು ನನ್ನ ಜೀವನದ ದೊಡ್ಡ ಸಂಯಮಗಳಲ್ಲಿ ಒಂದೆಂದು ಎಣಿಸುತ್ತೇನೆ.

“ತಮ್ಮಾ, ಹಳೇ ಟಯರ್ ಇದ್ದಾಗ ಜಾರ್ತಿತ್ತು ನೋಡು,” ಎಂದರು ಅಲ್ಲಿಂದಲೇ. “ನಾ ಅದಕ್ಕ ಬೈತಿದ್ದೆ. ಅದು ಜಾರಿ ಜಾರಿ ಎಕ್ಸೆಲ್ ಉಳಸ್ತಿತ್ತು. ಇದು ಜಾರಲಿಲ್ಲ. ನೆಲಾ ಹಿಡದು ಕುಂತ್ಬಿಡ್ತು.”

ಅತ್ತಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದರು. “ಈಗ ತಿಳೀತಾ? ಇಪ್ಪತ್ತು ವರ್ಷ ಮನ್ಯಾಗ ನಾ ಜಾರೀನಿ. ಅದಕ್ಕ ನಿಮ್ಮ ಸಂಸಾರ ಮುರೀದ ಉಳದೈತಿ. ಹೊರಗ ಬರ್ರಿ, ಚಾ ಕುಡೀರಿ.”

ಮಾವನನ್ನು ಉಳಿಸಿದ್ದು ಕೊನೆಗೆ ಅವರ ಸೋಲೇ. ಮುರಿದ ಲಾರಿ ಏರಿನ ಬಾಯಿಗೇ ಅಡ್ಡಲಾಗಿ ಕೂತದ್ದರಿಂದ ಹಿಂದಿನ ಎರಡು ಲಾರಿಗಳಿಗೂ ಪರೀಕ್ಷೆ ನಡೆಸುವಂತಿರಲಿಲ್ಲ. ಶಿಂಧೆ ತನಗೆ ಬರುವ ಮರಾಠಿ ಬೈಗುಳಗಳನ್ನೆಲ್ಲ ಒಮ್ಮೆ ಪಾರಾಯಣ ಮಾಡಿ, ಮೂವರ ಪರೀಕ್ಷೆಯನ್ನೂ ದೀಪಾವಳಿಯ ಹಿಂದಿನ ದಿನಕ್ಕೆ ಮುಂದೂಡಿದ. ಹೊಸ ಎಕ್ಸೆಲ್ ಬಂತು, ಹಳೆಯ ಅಳತೆಯ ಟಯರು ಬಂತು. ದೈತ್ಯ ಟಯರುಗಳು ಕುರ್ಲಾಕ್ಕೆ ಮರಳಿದವು. ಅಷ್ಟರಲ್ಲಿ ಮಳೆಯೂ ಹಿಂದೆಗೆದಿತ್ತು. ಅದಕ್ಕಿಂತ ಮುಖ್ಯವಾಗಿ, ಅರ್ಧ ಆಯುಷ್ಯ ಕಲ್ಲು ಒಡೆದ ನಮ್ಮ ಮಾವನಿಗೆ, ಖಾಣಿಯ ನಡುವೆಯೇ ನಿಂತು, ಹೊಂಡಕ್ಕೆ ನಾಲ್ಕು ಬುಟ್ಟಿ ಕಲ್ಲು ಸುರಿಯಬಹುದೆಂಬುದು ಆಗ ಹೊಳೆಯಿತು.

ದೀಪಾವಳಿಯ ಹಿಂದಿನ ದಿನ ಅತ್ತಿ ಹೊಸ ಲಿಂಬೆಹಣ್ಣು ಕೊಳ್ಳಲಿಲ್ಲ. ಹಳೆಯ ನಾಲ್ಕನ್ನೇ ಗಂಟಿನಿಂದ ತೆಗೆದರು, ಸುಕ್ಕುಗಟ್ಟಿ ಅಡಿಕೆಯಷ್ಟಾಗಿದ್ದವು. “ಗೆದ್ದಾವಲ್ಲ, ಇವಕ್ಕ ಇನ್ನೊಮ್ಮೆ ಕುಸ್ತಿ ಆಗ್ಲಿ,” ಎಂದರು. ಮಾವ ಗೇರು ಹಾಕಿದರು. ಲಾರಿ ಒಮ್ಮೆ ಜಾರಿತು, ಕಲ್ಲಿಗೆ ಹತ್ತಿತು, ಮತ್ತೆ ಜಾರಿತು, ಮುದುಕಿಯೊಬ್ಬಳು ಗುಡಿಯ ಮೆಟ್ಟಿಲು ಏರುವಂತೆ ಗೊಣಗುತ್ತ ಮೇಲೆ ಹೋಗಿ ನಿಂತಿತು. ಲಿಂಬೆಹಣ್ಣುಗಳ ಗುರುತು ಸಿಗಲಿಲ್ಲ. ಶಿಂಧೆ ಮೇಲಿನಿಂದ ಪಾಸು ಎಂದು ಕೈ ಬೀಸಿದ. ಆ ಮಧ್ಯಾಹ್ನ ಮಾವ ಉಂಡ ರೊಟ್ಟಿಗಳನ್ನು ನಾನು ಎಣಿಸದೆ ಬಿಟ್ಟೆ. ಕೆಲವು ಲೆಕ್ಕಗಳಿಗೆ ದೃಷ್ಟಿ ತಾಗುತ್ತದೆ.

ಮರುದಿನ ದಾದರಿನ ಅಂಗಡಿಯಲ್ಲಿ ನನಗೆ ಹಬ್ಬದ ಅಂಗಿ. ಅಂಗಡಿಯವನು ವಾಡಿಕೆಯಂತೆ ಡೇರೆಯೊಂದನ್ನು ಬಿಡಿಸಿದ. ಮಾವನ ಮುಷ್ಟಿ ನನ್ನ ಕಾಲರಿನವರೆಗೆ ಬಂದು ಗಾಳಿಯಲ್ಲಿ ನಿಂತಿತು. ಆಮೇಲೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. “ಬ್ಯಾಡ,” ಎಂದರು, “ಇಂವಾ ಎಷ್ಟ ಅದಾನೋ ಅಷ್ಟ ಕೊಡ್ರಿ.”

ಹೀಗೆ ಆ ವರ್ಷದ ಕೊನೆಗೆ ಸೊನ್ನೆ ಇದ್ದಲ್ಲಿ ಒಂದು ಎಂದು ಬರೆದೆ. ಶಾಯಿ ಆರುವವರೆಗೆ ನೋಡುತ್ತ ಕುಳಿತೆ.

ಆದರೆ ಏನು ಹೇಳಲಿ, ನಾನು ಕೆಲಸ ಮಾಡುವ ಅಂಗಡಿಯ ಎದುರಿಗೇ ಉಡುಪಿಯವರ ಹೋಟೆಲು. ಸಂಜೆಯ ಮಸಾಲೆ ದೋಸೆ ಅಭ್ಯಾಸವಾಗಿತ್ತು. ಯುಗಾದಿಯ ದಿನ ಬೇವು ಬೆಲ್ಲ ತಿಂದು, ಅತ್ತಿಗೆ ನಮಸ್ಕರಿಸಲು ಬಗ್ಗಿದೆ. ಹೊಟ್ಟೆಯ ಮೇಲಿನ ಗುಂಡಿ ಖಟ್ ಎಂದು ಹಾರಿ ಮಾವನ ತಟ್ಟೆಯಲ್ಲಿ ಬಿತ್ತು.

ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮುರಿದ ಎಕ್ಸೆಲ್ ನೋಡಿದಷ್ಟೇ ಗಂಭೀರವಾಗಿ ನೋಡಿದರು.

“ನಾ ಹೇಳಿದ್ದು ಸುಳ್ಳಲ್ಲಪಾ,” ಎಂದರು. “ಬೆಳಿಯೂದು ಲಾರಿ ಅಲ್ಲ, ನೀ.”