ಎತ್ತಿದ ಕೈ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟ ಮೊಬೈಲು ದಿನಕ್ಕೆ ಅರ್ಧ ಗಂಟೆ ನನ್ನ ಮೊಮ್ಮಗಳ ಸ್ವತ್ತು. ರಬಕವಿಯ ನಮ್ಮ ಮನೆಯ ಮುಂಭಾಗದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳಿವೆ. ಬೆಳಗಿನಿಂದ ಸಂಜೆಯವರೆಗೆ ಅವುಗಳ ಸದ್ದಿನಲ್ಲಿ ಬೇರೆ ಮಾತು ಕೇಳಬೇಕೆಂದರೆ ಕಿವಿಯನ್ನು ಮಾತಿನ ಹತ್ತಿರಕ್ಕೇ ಒಯ್ಯಬೇಕು. ಹತ್ತು ವರ್ಷದ ಸಾನ್ವಿ ಹಾಗೆ ಕಿವಿಯನ್ನು ಮೊಬೈಲಿನ ಹತ್ತಿರಕ್ಕೆ ಬಾಗಿಸಿಕೊಂಡು ತನ್ನ ಮೆಚ್ಚಿನ ಕಾರ್ಟೂನು ನೋಡುತ್ತಾಳೆ. ನಾನು ಪಕ್ಕದಲ್ಲಿ ಮೆಂತೆಸೊಪ್ಪು ಬಿಡಿಸುತ್ತ, ನೋಡದವಳಂತೆ ನೋಡುತ್ತೇನೆ.

ಅದರಲ್ಲೊಬ್ಬ ಅತಿಮಾನುಷ ವೀರನಿದ್ದಾನೆ. ಎರಡೂ ತೋಳು ಚಾಚಿ ನಿಂತನೆಂದರೆ ಅವನು ಗೋಡೆಯಾಗುತ್ತಾನೆ. ಅವನ ಇಂಗ್ಲಿಷ್ ಹೆಸರಿಗೆ ನನ್ನ ನಾಲಿಗೆ ಹೊರಳದೆ ನಾನು ಗ್ವಾಡ್ಯಪ್ಪ ಎಂದು ಕರೆದೆ. ಸಾನ್ವಿ ಬಿದ್ದು ಬಿದ್ದು ನಕ್ಕು ತಾನೂ ಹಾಗೆಯೇ ಕರೆಯತೊಡಗಿದಳು. ಊರಾಚೆಯ ಗುಡ್ಡದ ಮೇಲೆ ಬೂದಿಬಣ್ಣದ ಕೂದಲಿನ ಮುದುಕಿಯೊಬ್ಬಳಿದ್ದಾಳೆ. ಅವಳು ಕೂಗಿದರೆ ಮನೆಗಳು ಬಿರುಕು ಬಿಡುತ್ತವೆ. ಪ್ರತಿ ಕಂತಿನಲ್ಲಿಯೂ ಅವಳು ಕೂಗುತ್ತಾಳೆ, ಇವನು ಗೋಡೆಯಾಗಿ ಊರನ್ನು ಕಾಯುತ್ತಾನೆ. ಆದರೆ ಒಮ್ಮೆಯೂ ಅವಳ ಮೇಲೆ ಕೈ ಮಾಡುವುದಿಲ್ಲ. ಏಕೆ ಮಾಡುವುದಿಲ್ಲ ಎಂಬುದೇ ಅದನ್ನು ನೋಡುವ ಮಕ್ಕಳ ಬಹುದೊಡ್ಡ ಪ್ರಶ್ನೆ. ಅದಕ್ಕೆ ಎಲ್ಲೆಲ್ಲಿನ ಮಕ್ಕಳೋ ಇಂಟರ್ನೆಟ್ಟಿನಲ್ಲಿ ಉತ್ತರ ಬರೆದು ಹಾಕುತ್ತಾರೆ. ಅವಳ ಕೂಗಿನಿಂದಲೇ ಅವನಿಗೆ ಬಲ ಬರುತ್ತದೆ ಎಂದು ಒಬ್ಬ, ಅವಳನ್ನು ಮುಟ್ಟಿದರೆ ಅವನು ಮತ್ತೆ ಮನುಷ್ಯನಾಗಲಾರ ಎಂದು ಇನ್ನೊಬ್ಬಳು. ಇವಕ್ಕೆ ಥಿಯರಿ ಎನ್ನುತ್ತಾರಂತೆ.

ಗೆಳೆಯರೇ, ನಾನು ತೇರದಾಳದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವಳು. ಪ್ರಮೇಯವೆಂದಮೇಲೆ ಅದಕ್ಕೆ ಸಾಧನೆ ಬೇಕು ಎನ್ನುವ ಜಾತಿ. ಒಂದು ಮಧ್ಯಾಹ್ನ ಸಾನ್ವಿ ತಾನೂ ಒಂದು ಥಿಯರಿ ಕಟ್ಟಿರುವುದಾಗಿ ಹೇಳಿದಾಗ, ಸಾಧಿಸಿ ತೋರಿಸು ಎಂದೆ.

“ಆಯಿ, ಆ ಮುದಕಿ ಅವನ ಅವ್ವ ಅದಾಳ,” ಎಂದಳು.

ಅವಳ ಬಳಿ ಸಾಕ್ಷ್ಯಗಳಿದ್ದವು. ಗೋಡೆಯಾದಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ. ಬೇರೆ ಶತ್ರುಗಳೆದುರು ಹಾಗೆ ಮಾಡುವುದಿಲ್ಲ. ಪ್ರತಿ ಕಂತಿನ ಕೊನೆಗೆ ಗುಡ್ಡದ ಬುಡದಲ್ಲಿ ಒಂದು ಬುತ್ತಿಗಂಟು ಕಾಣುತ್ತದೆ. ಅದನ್ನು ಯಾರು ಇಟ್ಟರೆಂದು ತೋರಿಸುವುದಿಲ್ಲ. ಇಷ್ಟು ಹೇಳಿ, ಕೊನೆಯ ಸಾಲನ್ನು ಅವಳು ಪಾಠ ಒಪ್ಪಿಸುವವಳಂತೆ ನಿಧಾನವಾಗಿ ಹೇಳಿದಳು: “ಅವಾ ಅಕೀನ್ನ ಹೊಡಿಯೂದಿಲ್ಲ, ಬಿಟ್ಟೂ ಹೋಗೂದಿಲ್ಲ. ಬರೇ ನಡುವ ನಿಂದರ್ತಾನ.”

ಚಲೋ ಐತಿ ಎಂದೆ. ನಿಜಕ್ಕೂ ಚೆನ್ನಾಗಿತ್ತು. ಅಪ್ಪನಿಗೂ ಹೇಳಿದೆಯಾ ಎಂದು ಕೇಳಿದ್ದು ಸುಮ್ಮನೆ ಮಾತಿಗೆ.

“ಹೇಳಿದೆ. ಪಪ್ಪಾ ಮಗ್ಗ ಬಂದ್ ಮಾಡಿ ಕೇಳಿದ. ಆಮ್ಯಾಲ ಖರೆ ಇರಬೇಕು ಅಂದ.”

ಅವಳು ಆಡಲು ಓಡಿದಳು. ನನ್ನ ಕೈಯಲ್ಲಿನ ಸೊಪ್ಪು ಹಾಗೆಯೇ ಉಳಿಯಿತು. ಅವಳ ಅಪ್ಪ, ಎಂದರೆ ನನ್ನ ಒಬ್ಬನೇ ಮಗ ಶಿವಾನಂದ, ಕಾರ್ಟೂನು ನೋಡುವವನಲ್ಲ. ಮಾತು ಕಡಿಮೆ, ಮಗ್ಗದ ಮುಂದೆ ನಿಂತರೆ ಹೊತ್ತಿನ ಪರಿವೆಯಿಲ್ಲದವನು. ಅಂಥವನು ಯಾವುದಕ್ಕೆ ‘ಖರೆ’ ಎಂದ?

ಉತ್ತರ ನನ್ನ ಮುಂದೆಯೇ ಹತ್ತು ವರ್ಷಗಳಿಂದ ಇತ್ತು. ನೂಲು ತರಲು ಬನಹಟ್ಟಿಗೆ ಹೋಗುವಾಗ ಅವನು ಮಗುವನ್ನು ಬೈಕಿನ ಮುಂದೆ ಕೂರಿಸಿಕೊಂಡೇ ಹೋಗುತ್ತಿದ್ದ. ನಾನದನ್ನು ಅತಿ ಮುದ್ದು ಎಂದುಕೊಂಡಿದ್ದೆ. ಸೊಸೆ ಸುಧಾ ಜಮಖಂಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ಅವಳು ಬರುವುದು ತಡವಾದ ದಿನ ಮಗು ಪಕ್ಕದ ಮನೆಯಲ್ಲಿ ಆಡುತ್ತಿರುತ್ತಿತ್ತು. ಅದನ್ನು ಮಕ್ಕಳ ಗೆಳೆತನವೆಂದುಕೊಂಡಿದ್ದೆ. ಸಾನ್ವಿಯ ಶಾಲೆಯ ಲೆಕ್ಕವನ್ನು ನಾನು ನೋಡುತ್ತೇನೆಂದಾಗಲೆಲ್ಲ ಅವನು ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನೀರು ಕುಡಿಯುತ್ತ ನಿಲ್ಲುತ್ತಿದ್ದ. ಪಾಪ, ದಣಿವು ಎಂದುಕೊಂಡಿದ್ದೆ. ಬಿಡಿಬಿಡಿಯಾಗಿ ನೋಡಿದರೆ ಯಾವುದರಲ್ಲೂ ಏನೂ ಇರಲಿಲ್ಲ. ಕೂಡಿಸಿದಾಗ ಮಾತ್ರ ಒಂದೇ ಮೊತ್ತ ಬಂತು: ಆ ಮಗು ಹುಟ್ಟಿದಂದಿನಿಂದ, ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿಲ್ಲದಾಗ, ನನ್ನೊಂದಿಗೆ ಒಂಟಿಯಾಗಿ ಒಂದು ಗಳಿಗೆಯೂ ಇದ್ದಿಲ್ಲ.

ನಾನು ಮಗನನ್ನು ಹೇಗೆ ಬೆಳೆಸಿದೆನೆಂದು ಹೇಳದೆ ಮುಂದೆ ಹೋಗಲಾರೆ. ಗಂಡ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ. ಮುಂದೆ ಅವನನ್ನು ನನ್ನ ಶಾಲೆಗೇ, ಐದನೆಯದಕ್ಕೆ ಬಂದಾಗ ನನ್ನ ತರಗತಿಗೇ ಸೇರಿಸಿಕೊಂಡೆ. ಗಣಿತ ಕಲಿಸುವುದರಲ್ಲಿ ನನ್ನದು ಎತ್ತಿದ ಕೈ ಎಂದು ತೇರದಾಳದ ಮಂದಿ ಹೊಗಳುತ್ತಿದ್ದರು. ಆ ಕೈ ಬಹುಪಾಲು ಎತ್ತಿಯೇ ಇರುತ್ತಿತ್ತು. ಲೆಕ್ಕ ತಪ್ಪಿದ ಮಕ್ಕಳಿಗೆ ಒಂದು ಏಟು. ಮಗನಿಗೆ ಎರಡು, ಟೀಚರ ಮಗನೆಂದು ಯಾರೂ ಬೆರಳು ತೋರಬಾರದೆಂದು. ಇದನ್ನು ನಾನು ನ್ಯಾಯವೆಂದು ನಂಬಿದ್ದೆ. ಮನೆಗೆ ಬರುವ ಬಸ್ಸಿನಲ್ಲಿ ಅವನು ನನ್ನ ಮಗ್ಗುಲಲ್ಲಿ ಕೂರದೆ ಹಿಂದಿನ ಸೀಟಿಗೆ ಹೋಗುತ್ತಿದ್ದ. ಅದೂ ಶಿಸ್ತು ಎಂದೇ ನಂಬಿದ್ದೆ. ಹೊಡೆಯುತ್ತಿದ್ದದ್ದು ಸಿಟ್ಟಿನಿಂದಲೋ, ಒಂಟಿತನದಿಂದಲೋ, ಇನ್ನೊಬ್ಬರ ಮಕ್ಕಳ ಮೇಲೆ ಚಲಾಯಿಸಿ ರೂಢಿಯಾದ ಅಧಿಕಾರದಿಂದಲೋ ಎಂದು ಈಗ ಕುಳಿತು ಬೇರ್ಪಡಿಸಲು ಹೋದರೆ ಎಲ್ಲ ಒಂದೇ ಗಂಟಾಗಿ ಕೈಗೆ ಬರುತ್ತದೆ. ಏಟು ತಿಂದವನಿಗೆ ಆ ವಿಂಗಡಣೆಯಿಂದ ಆಗಬೇಕಾದದ್ದೂ ಏನಿಲ್ಲ.

ಸಾನ್ವಿಯ ಥಿಯರಿ ಕೇಳಿದಂದಿನಿಂದ ನನ್ನಲ್ಲೊಂದು ಹಟ ಹುಟ್ಟಿತು. ನಾನು ಬದಲಾಗಿದ್ದೇನೆ, ಮುಪ್ಪು ನನ್ನನ್ನು ಮೆತ್ತಗೆ ಮಾಡಿದೆ, ಇದನ್ನು ಒಂದು ದಿನ ಸಾಧಿಸಿ ತೋರಿಸುತ್ತೇನೆ ಎಂಬ ಹಟ. ಬೇಸಿಗೆ ರಜೆಯಲ್ಲಿ ಆ ದಿನವೂ ಬಂತು. ಮಗ್ಗದ ಲಾಳಿ ಸಿಡಿದು, ನಮ್ಮಲ್ಲಿ ಇಪ್ಪತ್ತು ವರ್ಷದಿಂದ ನೇಯುವ ಮಲ್ಲಪ್ಪನ ಹುಬ್ಬು ಹರಿಯಿತು. ಶಿವಾನಂದ ಅವನನ್ನು ಜಮಖಂಡಿಯ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಹೊರಡುವಾಗ ಹೊಸ್ತಿಲಲ್ಲಿ ತಡೆದು, ತಾನು ಬರುವತನಕ ನಾವಿಬ್ಬರೂ ಪಕ್ಕದ ಮನೆಯಲ್ಲಿರಬೇಕೆಂದು ಹೇಳಿ ಹೋದ. ಪಕ್ಕದ ಮನೆಗೆ ಬೀಗ. ಅವರು ಮುಧೋಳಕ್ಕೆ ಮದುವೆಗೆ ಹೋಗಿದ್ದರು. ಅವನಿಗೆ ಫೋನು ಮಾಡಬಹುದಿತ್ತು. ಮಾಡಲಿಲ್ಲ. ಬೀಗ ನೋಡಿ ನನಗೆ ಆದದ್ದು ಸಂತೋಷ.

ಮಗ್ಗಗಳು ನಿಂತಿದ್ದವು. ಮನೆ ಎಂದೂ ಇಲ್ಲದಷ್ಟು ಶಾಂತವಾಗಿತ್ತು. ಸಾನ್ವಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿಲ್ಲವೆಂದು ಗೊತ್ತಿದ್ದ ನಾನು ಜೋಳದ ರೊಟ್ಟಿಯೊಂದನ್ನು ಮುರಿದು ಅರ್ಧ, ಕಾಲು ಎಂದು ತಟ್ಟೆಯಲ್ಲಿಟ್ಟು ತೋರಿಸಿದೆ. ಅರ್ಧಕ್ಕೆ ಕಾಲು ಕೂಡಿಸು ಎಂದೆ. ಅವಳು ಮೇಲಿನ ಅಂಕಿಗೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಕೂಡಿಸಿ, ಆರರಲ್ಲಿ ಎರಡು ಎಂದು ಬರೆದಳು. ತಿದ್ದಿದೆ. ಮತ್ತೆ ಹಾಗೆಯೇ ಬರೆದಳು. ಮೂರನೆಯ ಸಲ ಬರೆದು, ತಟ್ಟೆಯನ್ನೊಮ್ಮೆ ಪಾಟಿಯನ್ನೊಮ್ಮೆ ನೋಡಿ, ಕೂಡಿಸಿದರೆ ರೊಟ್ಟಿ ಸಣ್ಣದಾಯಿತಲ್ಲ ಆಯಿ ಎಂದು ನಕ್ಕುಬಿಟ್ಟಳು.

ಆ ನಗುವಿನಲ್ಲಿ ಲೆಕ್ಕ ಅವಳಿಗೆ ಹೊಳೆಯತೊಡಗಿತ್ತು ಎಂಬುದು ಈಗ ತಿಳಿಯುತ್ತದೆ. ಮೂವತ್ತು ವರ್ಷ ಕಲಿಸಿದವಳಿಗೆ ಆ ಕ್ಷಣದಲ್ಲಿ ತಿಳಿಯಲಿಲ್ಲ. ನನಗೆ ಕೇಳಿಸಿದ್ದು ನಗು ಮಾತ್ರ. ನನ್ನ ಬಲಗೈ ಎದ್ದಿತ್ತು. ನಾನು ಎತ್ತಿದೆನೆಂದು ಬರೆಯುವುದೇ ಪ್ರಾಮಾಣಿಕತೆ, ಆದರೆ ಎದ್ದುದನ್ನು ನಾನು ಕಂಡದ್ದು ಎದ್ದ ಮೇಲೆ.

ಸಾನ್ವಿ ಅದನ್ನು ನೋಡಿದಳು. ಅವಳ ಮುಖದಲ್ಲಿ ಅಂಜಿಕೆಯ ಒಂದು ಗೆರೆಯೂ ಮೂಡಲಿಲ್ಲ. ಕುಳಿತಲ್ಲಿಂದಲೇ ಅರ್ಧ ಎದ್ದು, ತನ್ನ ಪುಟ್ಟ ಅಂಗೈಯಿಂದ ನನ್ನ ಅಂಗೈಗೆ ಫಟ್ಟನೆ ಬಡಿದು, “ಹೈ ಫೈ, ಆಯಿ,” ಎಂದಳು.

ಹಾಗೇ ಬಾಗಿಲ ಕಡೆ ನೋಡಿದೆ. ಶಿವಾನಂದ ಬಂದು ನಿಂತಿದ್ದ. ಅವನು ನೋಡುತ್ತಿದ್ದುದು ಮಗಳನ್ನಲ್ಲ, ನನ್ನ ಕೈಯನ್ನು. ನಲವತ್ತೊಂದು ವರ್ಷದ ಗಂಡಸು. ಮೀಸೆಯಲ್ಲಿ ಬಿಳಿ ಇಣುಕುತ್ತಿದೆ. ಅವನ ಕತ್ತು ಹೆಗಲೊಳಕ್ಕೆ ಇಳಿದಿತ್ತು, ಎಡಗೈ ತಾನಾಗಿ ಎಡಗಿವಿಯನ್ನು ಮುಚ್ಚಿತ್ತು. ನನ್ನ ಏಟು ಯಾವಾಗಲೂ ಬೀಳುತ್ತಿದ್ದುದು ಆ ಕಡೆಗೇ.

ಒಂದು ಕ್ಷಣ, ಅಷ್ಟೆ. ಆಮೇಲೆ ಅವನು ಕೈ ಇಳಿಸಿ, ಮಲ್ಲಪ್ಪನಿಗೆ ಐದು ಹೊಲಿಗೆ ಬಿದ್ದವೆಂದೂ ಕಣ್ಣಿಗೇನೂ ಆಗಿಲ್ಲವೆಂದೂ ಹೇಳಿದ. ಮಗಳಿಗೆ ಚಪ್ಪಲಿ ಮೆಟ್ಟಿಸಿ ಐಸ್‌ಕ್ರೀಮ್ ಕೊಡಿಸಲು ಕರೆದುಕೊಂಡು ಹೋದ.

ಸಂಜೆ, ಸುಧಾ ಬಂದು ಮಗಳನ್ನು ಜಳಕಕ್ಕೆ ಕರೆದೊಯ್ದ ಮೇಲೆ, ನಾನು ಮಗ್ಗದ ಮನೆಗೆ ಹೋದೆ. ಅವನು ನೆಲದ ಮೇಲೆ ಕುಳಿತು, ಲಾಳಿ ಸಿಡಿದಾಗ ಹರಿದ ಎಳೆಗಳನ್ನು ಒಂದೊಂದಾಗಿ ಕಟ್ಟುತ್ತಿದ್ದ. ನಾನು ಪಕ್ಕದಲ್ಲಿ ಕುಳಿತೆ.  ಹೇಳಿದ್ದು ಇಷ್ಟೇ:

“ಶಿವು, ಅಕೀನ್ನ ಒಬ್ಬಾಕಿನ್ನ ನನ್ನ ಕೂಡ ಬಿಡಬ್ಯಾಡಪಾ.”

“ಬಿಟ್ಟಿಲ್ಲಲ್ಲಬೇ, ಇಷ್ಟ ದಿನ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ನನಗೇನಾದರೂ ಸಿಗುತ್ತಿತ್ತು.

ನಾನು ಅಷ್ಟು ಕೆಟ್ಟವಳಾಗಿದ್ದೆನೇ ಎಂದು ಕೇಳಿದೆ. ಅವನು ಒಂದು ಎಳೆ ಕಟ್ಟಿ ಮುಗಿಸಿದ. ಹಳೆಯದೆಲ್ಲ ನೆನಪಿಲ್ಲ, ಮೈಗೆ ಮಾತ್ರ ನೆನಪಿದೆ ಎಂಬರ್ಥದ್ದೇನೋ ಹೇಳಿದ. ಆಮೇಲೆ, ನಾನು ಕೇಳದಿದ್ದರೂ, ತಲೆಯೆತ್ತದೆ ಇನ್ನೊಂದು ಮಾತು ಹೇಳಿದ.

“ನನ್ನ ಕೈನೂ ಏಳತೈತಿಬೇ. ಸಾನ್ವಿ ಎರಡ ವರ್ಷದಾಕಿ ಇದ್ದಾಗ ಒಮ್ಮೆ ಎತ್ತಿಬಿಟ್ಟಿದ್ದೆ. ಅಕಿ ಕಣ್ಣ ಪಿಳಿಪಿಳಿ ಬಿಟಗೊಂಡ ನೋಡಾಕತ್ತಿದ್ಲು. ಇಳಸಾಕ ಆಗವಲ್ದು. ಏನ ಮಾಡ್ಬೇಕ ತಿಳೀಲಿಲ್ಲ, ಹೈ ಫೈ ಕೊಡು ಅಂದೆ. ಅವತ್ತಿನಿಂದ ಅಕಿಗೆ ಎತ್ತಿದ ಕೈ ಅಂದ್ರ ಅಷ್ಟ.”

ಗೆಳೆಯರೇ, ಮಕ್ಕಳನ್ನು ಕರುಣೆಯಿಂದ ಬೆಳೆಸುವುದು ಹೇಗೆಂದು ನನ್ನನ್ನು ಯಾರೂ ಕೇಳಬೇಡಿ. ನನಗೆ ತಿಳಿದಿರುವುದು ಒಂದೇ ಸಂಗತಿ. ನಾನು ಅವನ ಮೈಗೆ ಕಲಿಸಿದ ಒಂದನ್ನು ಅವನು ಹತ್ತು ವರ್ಷ, ಪ್ರತಿದಿನ, ಒಬ್ಬನೇ ತಡೆದು ನಿಲ್ಲಿಸಿದ್ದಾನೆ. ಅದಕ್ಕಾಗಿ ಅವನನ್ನು ಯಾರೂ ಹೊಗಳಿಲ್ಲ. ನಾನಂತೂ ಮಗಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದೀಯೆಂದು ಬೈದಿದ್ದೇನೆ. ಸಾನ್ವಿ ಅಂಜಿಕೆಯಿಲ್ಲದೆ ಬೆಳೆಯುತ್ತಾಳೆ. ಅದು ನನಗೆ ಸಮಾಧಾನವಾಗಬೇಕಿತ್ತು. ಆಗುವುದಿಲ್ಲ, ಏಕೆಂದರೆ ಐದನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕಿವಿ ಮುಚ್ಚಿಕೊಂಡು ಕುಳಿತವನಿಗೆ ಅದರಿಂದ ಏನೂ ಮರಳುವುದಿಲ್ಲ. ಕ್ಷಮಿಸು ಎಂದು ಕೇಳಬಹುದು. ಕೇಳಿದರೆ ಅವನು ಇರಲಿ ಬಿಡಬೇ ಎನ್ನುತ್ತಾನೆ, ನನ್ನ ಭಾರವನ್ನೂ ತಾನೇ ಎತ್ತಿಕೊಳ್ಳುತ್ತಾನೆ. ಅವನಿಗೆ ಅಷ್ಟೂ ಹೊರಿಸುವ ಧೈರ್ಯ ನನಗಿಲ್ಲ.

ಅವನು ಬಗ್ಗಿ ಎಳೆ ಕಟ್ಟುತ್ತಲೇ ಇದ್ದ. ನೆತ್ತಿಯಲ್ಲಿ ಕೂದಲು ತೆಳುವಾಗಿರುವುದು ನನಗೆ ಅಂದೇ ಕಂಡದ್ದು. ಒಮ್ಮೆ ಆ ತಲೆಯನ್ನು ಸವರಬೇಕೆಂದು ಜೀವ ಹಾತೊರೆಯಿತು. ಆದರೆ ಸವರುವ ಕೈಯೂ ಮೊದಲು ಮೇಲೇಳಲೇಬೇಕಲ್ಲ. ಎರಡೂ ಕೈಗಳನ್ನು ಸೆರಗಿನಡಿಯಲ್ಲಿ ಹಿಡಿದುಕೊಂಡು, ಅವನ ಕೆಲಸ ಮುಗಿಯುವತನಕ ಹಾಗೆಯೇ ಕುಳಿತಿದ್ದೆ.